ಋಣಕ್ಕೆ ಮೊತ್ತವುಂಟೇ?

ಮಗುವಿಗೆಂದು ನ್ಯಾಯಾಲಯ ಒಮ್ಮೆ ಗೊತ್ತುಮಾಡಿದ ಜೀವನಾಂಶವನ್ನು ಹೆಚ್ಚಿಸಿ ಎಂದೋ ಇಳಿಸಿ ಎಂದೋ ಮತ್ತೆ ಕೇಳುವುದು ಧರ್ಮವೇ? ಕೇಳುವವರ ಬಗ್ಗೆ ನಮ್ಮಲ್ಲಿ ಗುಮಾನಿಯೇ ಹೆಚ್ಚು. ಹೆಚ್ಚು ಕೇಳುವ ತಾಯಿಗೆ ದುರಾಸೆ, ಕಡಿಮೆ ಮಾಡಿ ಎನ್ನುವ ತಂದೆ ನುಣುಚಿಕೊಳ್ಳುವವನು. ಹರಿಶ್ಚಂದ್ರನನ್ನು ಆದರ್ಶವೆಂದು ನಂಬಿದ ನಾಡಿನಲ್ಲಿ, ಒಪ್ಪಿ ಮುಗಿದದ್ದನ್ನು ಮತ್ತೆ ಎತ್ತುವುದು ಮಾತಿಗೆ ತಪ್ಪಿದಂತೆ ಕಾಣುವುದು ಸಹಜವೇ. ಆದರೆ ಆ ಕಥೆಯಲ್ಲಿ ದೊರೆಯ ಮಾತು ಉಳಿಯಲೆಂದು ಹೆಂಡತಿ ಮತ್ತು ಎಳೆಯ ಮಗ ಮಾರಾಟವಾದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕೊಟ್ಟ ಮಾತಿಗಿಂತ ಮಗುವಿನ ಹೊಟ್ಟೆ ಮೊದಲು ಎನ್ನುವ ಇನ್ನೊಂದು ಧರ್ಮವಿಚಾರವೂ ನಮ್ಮಲ್ಲೇ ಇದೆ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಶತಮಾನಗಳ ಕಾಲ ಹಿಂದೂ ಕಾನೂನಿನ ಆಧಾರವಾಗಿತ್ತು. ಆ ಪರಂಪರೆಯಲ್ಲಿ ಮನುವಿನದೆಂದು ಉದ್ಧರಿಸಲಾಗುವ ಒಂದು ಶ್ಲೋಕದ ತಾತ್ಪರ್ಯ ದಿಟ್ಟವಾದದ್ದು: ಮುಪ್ಪಾದ ತಂದೆತಾಯಿ, ಹೆಂಡತಿ, ಎಳೆಗೂಸು ಇವರನ್ನು ಮಾಡಬಾರದ್ದನ್ನು ಮಾಡಿಯಾದರೂ ಸಾಕಬೇಕು. ಎಷ್ಟು ಕೊಡಬೇಕೆಂದು ಅದು ಹೇಳುವುದಿಲ್ಲ, ಹೇಳಲಾಗದು ಕೂಡ. ಋಣ ಹುಟ್ಟಿನೊಡನೆ ಬರುತ್ತದೆ. ಮೊತ್ತವನ್ನು ಆ ಹೊತ್ತಿನ ಸಂಬಳ, ಬಾಡಿಗೆ, ಶಾಲೆಯ ಫೀಸು ನೋಡಿ ನ್ಯಾಯಾಧೀಶರು ಬರೆಯುತ್ತಾರೆ. ಮೊತ್ತವನ್ನೇ ಋಣವೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾನೂನೇ ಸಾಕ್ಷಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಬೆಲೆಗಳು ಎಷ್ಟೇ ಏರಿದರೂ 2001ರ ತಿದ್ದುಪಡಿಯವರೆಗೆ ಕೇಂದ್ರ ಕಾನೂನಿನಲ್ಲಿ ಆ ಮಿತಿ ಅಲುಗಲಿಲ್ಲ. ಆದರೆ ಅದೇ ಸಂಹಿತೆಯ 127ನೆಯ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ಕಲಮು, ಪರಿಸ್ಥಿತಿ ಬದಲಾದದ್ದನ್ನು ರುಜುವಾತುಪಡಿಸಿದರೆ ಆದೇಶವನ್ನು ಬದಲಿಸಲು ಅವಕಾಶ ಕೊಡುತ್ತದೆ. ಕೊಡುವವರ ಕೆಲಸ ಹೋಗಿರಬಹುದು, ಮಗು ಕಾಯಿಲೆ ಬಿದ್ದಿರಬಹುದು, ಮೂರು ವರ್ಷದ ಕೂಸು ಹೈಸ್ಕೂಲಿಗೆ ಬಂದಿರಬಹುದು. ಮಕ್ಕಳನ್ನು ಸಾಕುವ ಈ ಹೊಣೆ ಒಂದೇ ಮತದವರದ್ದೂ ಅಲ್ಲ. ವಿಚ್ಛೇದನವಾದರೂ ಮುಸ್ಲಿಂ ತಂದೆ ಇದೇ ಕಾನೂನಿನಡಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿದೆ.

ಹೀಗೆ ಬಾಗಿಲು ತೆರೆದೇ ಇಟ್ಟರೆ ಜಗಳಕ್ಕೆ ಕೊನೆಯೆಲ್ಲಿ ಎಂಬ ಆಕ್ಷೇಪ ಹಗುರವಲ್ಲ. ಆಸ್ತಿಯ ವ್ಯಾಜ್ಯ ಒಮ್ಮೆ ಮುಗಿಯಲೇಬೇಕು, ನಿಜ. ಆದರೆ ಹೊಲದ ಗಡಿ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಅಲ್ಲದೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಯಾರು ಬೇಕಾದರೂ ನುಗ್ಗುವಂತಿಲ್ಲ: ಬದಲಾವಣೆಯನ್ನು ಅರ್ಜಿದಾರರೇ ತೋರಿಸಬೇಕು. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಇನ್ನೊಂದು ಆಕ್ಷೇಪ ಹೆಚ್ಚು ತೊಡಕಿನದು. ಬೇಕೆಂದೇ ಕೆಲಸ ಬಿಟ್ಟು ಬಡವನಾದವನ ಪರಿಸ್ಥಿತಿಯೂ ಬದಲಾದದ್ದೇ ಅಲ್ಲವೇ? ಅಲ್ಲ. ಗಟ್ಟಿಮುಟ್ಟಾಗಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಹೇಳಿದ್ದು ಆ ಹಳೆಯ ಶ್ಲೋಕದ ತಾತ್ಪರ್ಯಕ್ಕೆ ಎಷ್ಟು ಹತ್ತಿರ! ಮರುಮದುವೆಯಾಗಿ ಇನ್ನೊಂದು ಮಗುವಾದವರ ಸಂಕಟ ಮಾತ್ರ ಬೇರೆ. ಅಲ್ಲಿ ಎರಡೂ ಋಣಗಳು ನಿಜ. ಹಾಗಿದ್ದರೂ ಯಾವ ಮಗುವಿಗೆ ಎಷ್ಟು ಎಂಬುದನ್ನು ಕೊಡುವವನೇ ಮನೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ.

ಹಾಗೆ ತೀರ್ಮಾನಿಸುವುದೇ ಇಲ್ಲಿನ ನಿಜವಾದ ಅಧರ್ಮ. ಕಷ್ಟ ಬಂತೆಂದು ಅರ್ಜಿ ಹಾಕುವವನು ಋಣವನ್ನು ಒಪ್ಪಿಕೊಂಡೇ ಅಳತೆ ಬದಲಿಸಿ ಎನ್ನುತ್ತಾನೆ. ಸದ್ದಿಲ್ಲದೆ ಹಣ ನಿಲ್ಲಿಸುವವನು ಋಣವನ್ನೇ ಅಲ್ಲಗಳೆಯುತ್ತಾನೆ, ಬಾಕಿ ಬೆಳೆಯುತ್ತ ಹೋಗುತ್ತದೆ. ಬಾಕಿಗಾಗಿ ಜೈಲಿಗೆ ಹೋಗಿಬಂದರೂ ಆ ಹಣ ತೀರಿದಂತಾಗುವುದಿಲ್ಲ ಎಂದು 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಆದ್ದರಿಂದ ಸಂಬಳ ನಿಂತ ತಂದೆಯಾಗಲಿ, ಖರ್ಚು ತೂಗಿಸಲಾಗದ ತಾಯಿಯಾಗಲಿ, ದಾಖಲೆ ಹಿಡಿದು ಬೇಗ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ. ಹೊಸ ಆದೇಶ ಬರುವವರೆಗೆ ಹಳೆಯ ಮೊತ್ತವನ್ನು ಕೊಡುವುದನ್ನು ನಿಲ್ಲಿಸಬೇಡಿ.