ಒಂದೇ ಪರದೆಯ ಹಿಂದೆ ಇಬ್ಬರು

ಸುಮಾರು ವರ್ಷಗಳ ಹಿಂದೆ ನನ್ನ ಬರಹಗಳಿಗೆ ಅಂತ ಒಂದು ಡಾಟ್ ಕಾಮ್ ವಿಳಾಸ ಕೊಂಡಿದ್ದೆ. ಅರ್ಜಿಯಲ್ಲಿ ತೆಲಿಗಿಯ ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ತುಂಬಿದೆ. ಎರಡೇ ದಿನಕ್ಕೆ ಫೋನುಗಳು ಶುರುವಾದವು: ವೆಬ್‌ಸೈಟ್ ಮಾಡಿಕೊಡ್ತೀವಿ, ಲೋಗೋ ಮಾಡಿಕೊಡ್ತೀವಿ! ನಂಬರ್ ಎಲ್ಲಿ ಸಿಕ್ಕಿತು ಅಂತ ಹುಡುಕಿದರೆ 'ಹೂಈಸ್' ಎಂಬ ಪಟ್ಟಿಯಲ್ಲಿ ನನ್ನ ವಿವರವೆಲ್ಲ ಬಟಾಬಯಲಾಗಿತ್ತು. ಇಂಟರ್ನೆಟ್ಟಿನ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಆಗಿನ ನಿಯಮವೇ ಹಾಗಿತ್ತು.

2018ರ ಮೇ 25ಕ್ಕೆ ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಾರಿಯಾಯಿತು. ಅದಕ್ಕೆ ಹೊಂದಿಕೊಳ್ಳಲು ಐಕಾನ್ ಆ ಪಟ್ಟಿಗೆ ಪರದೆ ಎಳೆಯಲು ಬಿಟ್ಟಿತು. ನನಗೂ ನಿರಾಳವಾಯಿತು.

ಆಮೇಲೊಂದು ದಿನ ತಮ್ಮ ಮುಖ ಸಣ್ಣದು ಮಾಡಿಕೊಂಡು ಬಂದ. ನೌಕರಿ ಕೊಡಿಸುವ ಜಾಲತಾಣವೊಂದಕ್ಕೆ 3,000 ರೂಪಾಯಿ ಕಟ್ಟಿ ಮೋಸ ಹೋಗಿದ್ದ. "ಅಣ್ಣಾ, ಇದು ಯಾರ್ದು ಅಂತ ನೋಡಾಕ ಬರಲ್ಲೇನು?" ಅಂದ. ಅದೇ ಪಟ್ಟಿ ತೆರೆದೆ. ಹೆಸರಿನ ಜಾಗದಲ್ಲಿ ಖಾಸಗಿತನಕ್ಕಾಗಿ ಮರೆಮಾಡಲಾಗಿದೆ ಎಂದಿತ್ತು. ನನ್ನನ್ನು ಕಾಯುವ ಪರದೆಯೇ ಆ ಮೋಸಗಾರನನ್ನೂ ಕಾಯುತ್ತಿತ್ತು. ಹಾಗಾದರೆ ಅದನ್ನು ಕಿತ್ತುಹಾಕೋಣವೇ?

ಊರಿನ ಒಂದು ಉದಾಹರಣೆ ನೋಡಿ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು ಎಂದು ಇಟ್ಟಿದ್ದು ಕೂಲಿಯವರ ಮೇಲೆ ಕಣ್ಣಿಡಲು ಅಲ್ಲ. ಸತ್ತವರ, ಊರು ಬಿಟ್ಟು ದುಡಿಯಲು ಹೋದವರ ಹೆಸರಲ್ಲಿ ಬಿಲ್ಲು ಮಾಡುವವರನ್ನು ಹಿಡಿಯಲು. ಅದಕ್ಕೆ ಹೆಸರು, ದಿನ, ಕೂಲಿ ಸಾಕು. ಅವಳ ಫೋನ್ ನಂಬರು, ಬ್ಯಾಂಕ್ ಖಾತೆ ಊರಿಗೇಕೆ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ದಾವೆಯಲ್ಲಿ. ಆಧಾರ್ ಹೆಸರಿನಲ್ಲಿ ಸರ್ಕಾರ ಪ್ರಜೆಯ ಒಳಮನೆಗೆ ಕಾಲಿಡಬಾರದು ಎಂಬುದು ಅವರ ತಕರಾರು. ಅಂದರೆ ಆ ಹಕ್ಕು ದೊಡ್ಡವರೆದುರು ಸಣ್ಣವರಿಗೆ ಸಿಕ್ಕ ಗುರಾಣಿ. ಆದರೆ 2023ರ ದತ್ತಾಂಶ ಕಾನೂನು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನೇ ಬದಲಿಸಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ವಿವರಕ್ಕೆ ಮಾತ್ರ ವಿನಾಯಿತಿ ಇತ್ತು. ಈಗ 'ವೈಯಕ್ತಿಕ ಮಾಹಿತಿ' ಎಂದರೆ ಸಾಕು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಉಳಿದಿದೆ, ನಿಜ. ಆದರೂ ಸಣ್ಣವರ ಗುರಾಣಿಯನ್ನು ಅಧಿಕಾರಿಯ ಕೈಗೆ ಕೊಟ್ಟ ಹಾಗಾಯಿತು.

ನನಗನ್ನಿಸುವುದು ಇಷ್ಟೇ. ಅಧಿಕಾರ, ಹಣ, ನಿರ್ಧಾರ ಇರುವ ಕಡೆ ಬಾಗಿಲು ತೆರೆದಿರಲಿ. ಅದು ಪಂಚಾಯಿತಿಯಾಗಲಿ, ಐಕಾನ್ ಆಗಲಿ. ಯಾರು ಏನು ನಿರ್ಧರಿಸಿದರು, ಯಾರ ಹಣದಲ್ಲಿ ಎಂಬುದು ಎಲ್ಲರಿಗೂ ಕಾಣಲಿ. ಸದಸ್ಯನ ಮನೆ, ಫೋನು ಮಾತ್ರ ಮುಚ್ಚಿರಲಿ. ಮೋಸ ನಡೆದಾಗ ಕಾರಣ ಬರೆದುಕೊಟ್ಟು ಕೇಳುವ ದಾರಿ ಇರಲಿ, ಯಾರು ಕೇಳಿದರು ಎಂಬುದೂ ದಾಖಲಾಗಲಿ. ಐಕಾನ್ 2023ರ ನವೆಂಬರ್‌ನಲ್ಲಿ ಅಂಥ ಕೋರಿಕೆ ಸಲ್ಲಿಸುವ ವ್ಯವಸ್ಥೆಯೊಂದನ್ನು ಶುರುಮಾಡಿತು. ಆದರೆ ಹೆಸರು ಮಾರುವ ಕಂಪನಿಗಳು ಅದಕ್ಕೆ ಸೇರುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದು. ಇಷ್ಟವಿದ್ದರೆ ತೆರೆಯುವ ಬಾಗಿಲು ಮೋಸ ಹೋದವನಿಗೆ ಎಷ್ಟು ಆಸರೆ?

ತಮ್ಮನಿಂದ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ದುಡ್ಡು ಇನ್ನೂ ಬಂದಿಲ್ಲ. ಆದರೂ ನನ್ನ ವಿಳಾಸದ ಮೇಲಿನ ಪರದೆ ತೆಗೀತೀಯಾ ಅಂತ ಯಾರಾದರೂ ಕೇಳಿದರೆ, ಇಲ್ಲ ಅಂತಲೇ ಹೇಳುತ್ತೇನೆ. ತಮ್ಮನ ಮುಂದೆ ಹಾಗೆ ಹೇಳಲು ಮಾತ್ರ ಸ್ವಲ್ಪ ಸಂಕೋಚವಾಗುತ್ತದೆ.