ಗೋಗಿಯಲ್ಲಿ ಮಲಗಿದ ಸುಲ್ತಾನರು

ವಿಜಯಪುರಕ್ಕೆ ಹೋದವರು ಗೋಳಗುಮ್ಮಟದೊಳಗೆ ನಿಂತು ಕೂಗಿ, ದನಿ ಎಷ್ಟು ಸಲ ಮರಳಿತೆಂದು ಎಣಿಸಿ ಬರುತ್ತಾರೆ. ಅದನ್ನು ಕಟ್ಟಿಸಿದ ಮನೆತನದ ಹಿರಿಯರು ಎಲ್ಲಿ ಮಣ್ಣಾದರೆಂದು ಕೇಳುವವರು ಕಡಿಮೆ. ಅವರಿರುವುದು ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ. ಈಚೆಗೆ ಈ ಊರಿನ ಹೆಸರು ಪತ್ರಿಕೆಗೆ ಬಂದದ್ದೆಲ್ಲ ಯುರೇನಿಯಂ ನಿಕ್ಷೇಪದ ನೆಪದಲ್ಲಿ; ಆದರೆ ಇಲ್ಲಿಯ ಮಣ್ಣಿಗೆ ಐದು ಶತಮಾನದ ಹಿಂದೆಯೇ ಬೆಲೆ ಕಟ್ಟಿದವನು ಯೂಸುಫ್ ಆದಿಲ್ ಶಾ.

ಗುಲಾಮನಾಗಿ ಬೀದರಿನ ಬಹಮನಿ ಆಸ್ಥಾನ ಸೇರಿ, 1490ರ ಸುಮಾರಿಗೆ ಸ್ವಂತ ರಾಜ್ಯವನ್ನೇ ಕಟ್ಟಿದವನು ಆತ. 1510ರಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ರಾಜಧಾನಿಯಲ್ಲಲ್ಲ, ಗೋಗಿಯ ಸೂಫಿ ಸಂತ ಚಂದಾ ಹುಸೇನಿಯ ಗೋರಿಯ ಬಳಿ. ಸಂತನ ಮೇಲೆ ಅವನಿಗಿದ್ದ ಭಕ್ತಿಯನ್ನು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಮಗ ಇಸ್ಮಾಯಿಲ್ 1534ರ ದಂಡಯಾತ್ರೆಯಲ್ಲಿ ಜ್ವರದಿಂದ ಸತ್ತಾಗ ಅವನ ಶವವೂ ಇಲ್ಲಿಗೇ ಬಂತು. 1558ರಲ್ಲಿ ಮೊಮ್ಮಗ ಇಬ್ರಾಹಿಮನೂ ಬಂದ. ಯೂಸುಫ್ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ್ದ. ಇಬ್ರಾಹಿಂ ಪಟ್ಟಕ್ಕೆ ಬಂದವನೇ ಅದನ್ನು ಕಿತ್ತು ಸುನ್ನಿ ಪಂಥಕ್ಕೆ ಮರಳಿದ. ಬದುಕಿದ್ದಾಗ ಅಜ್ಜನ ಮಾತು ಮುರಿದ ಮೊಮ್ಮಗ ಸತ್ತ ಮೇಲೆ ಅಜ್ಜನ ಪೀರನ ನೆರಳನ್ನೇ ಹುಡುಕಿಕೊಂಡು ಬಂದ ನೋಡಿ!

ಗೋಳಗುಮ್ಮಟ ಕಂಡ ಕಣ್ಣಿಗೆ ಇವು ಅರಸರ ಗೋರಿಗಳೆಂದೇ ಅನಿಸುವುದಿಲ್ಲ, ಅಷ್ಟು ಸಾದಾ. ಸಂತನ ಬಳಿ ಮಲಗುವ ಆಸೆ ಇವರದಷ್ಟೇ ಅಲ್ಲ; ಮಧ್ಯಕಾಲದ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲೂ ಜಮೀನ್ದಾರರು ಪೂಜಾವೇದಿಕೆಯ ಆಸುಪಾಸಿನಲ್ಲಿ ಹೂಳಿಸಿಕೊಳ್ಳಲು ಹಾತೊರೆಯುತ್ತಿದ್ದರು. ಪವಿತ್ರವಾದುದರ ಪಕ್ಕ ಮಲಗಿದರೆ ಪುಣ್ಯವೆಂಬ ನಂಬಿಕೆ. ಗೋಗಿಯಲ್ಲಿ ನಂಬಿಕೆಯ ಜೊತೆಗೆ ರಾಜಕಾರಣವೂ ಇತ್ತೆಂದೇ ನನ್ನ ಗುಮಾನಿ. ಹೊರಗಿನಿಂದ ಬಂದವನು ಎಷ್ಟು ಕೋಟೆ ಗೆದ್ದರೂ ಈ ನೆಲದವನಾಗುವುದಿಲ್ಲ. ಜನ ಆಗಲೇ ತಲೆಬಾಗುತ್ತಿದ್ದ ಸಂತನ ಮಗ್ಗುಲಲ್ಲಿ ಜಾಗ ಸಿಕ್ಕರೆ, ಅದು ಯಾವ ಫರ್ಮಾನೂ ಕೊಡದ ಹಕ್ಕು.

ಮುಂದೆ ಆ ಹಂಗು ಬೇಡವಾಯಿತು. 1565ರ ತಾಳಿಕೋಟೆ ಯುದ್ಧದಲ್ಲಿ ಗೆದ್ದ ಕೂಟದಲ್ಲಿದ್ದ, ಇಬ್ರಾಹಿಮನ ಮಗ ಒಂದನೆಯ ಅಲಿ ವಿಜಯಪುರದಲ್ಲೇ ಮಣ್ಣಾದ; ಅವನ ಗೋರಿಯೂ ಆಡಂಬರದ್ದಲ್ಲ. ಅವನ ನಂತರ ಎರಡನೆಯ ಇಬ್ರಾಹಿಮನ ಗೋರಿಯಾದ ಇಬ್ರಾಹಿಂ ರೋಜಾದ ಕುಸುರಿ ಬಂತು, 1656ರ ಹೊತ್ತಿಗೆ 44 ಮೀಟರ್ ಅಡ್ಡಳತೆಯ ಗುಮ್ಮಟ ಬಂತು. ಆದಿಲ್ ಶಾಹಿ ವಾಸ್ತುಶಿಲ್ಪ ಎಂದಾಗ ನಾವು ಕೊಂಡಾಡುವುದೆಲ್ಲ ಹೆಚ್ಚಾಗಿ ಗೋಗಿಯ ದಾರಿ ಬಿಟ್ಟ ಮೇಲಿನದು. ಗುಮ್ಮಟ ಮೇಲೆದ್ದ ಮೂವತ್ತು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ರಾಜ್ಯವನ್ನೇ ನುಂಗಿದ.

ಗೋಗಿಗೆ ಸಕ್ಕರೆ ಓದಿಸಲು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅವರು ಬರುವುದು ಪೀರನಿಗಾಗಿ. ಸುಲ್ತಾನರಿಗೆಂದು ಹರಕೆ ಹೊತ್ತವರನ್ನು ನಾನಂತೂ ಕೇಳಿಲ್ಲ.