ಓಬವ್ವನ ಒನಕೆ, ಭೀಮನ ಪ್ರತಿಜ್ಞೆ

ಸೂಪರ್‌ಹೀರೋಗಳು ಸೇಡಿಗಾಗಿ ಖಳರನ್ನು ಕೊಲ್ಲುವುದು ಸರಿಯೇ ಎಂದು ಕೇಳುವವರು ಬ್ಯಾಟ್‌ಮ್ಯಾನನ ಗೋಥಮ್ ನಗರದವರೆಗೆ ಹೋಗಬೇಕಿಲ್ಲ, ಚಿತ್ರದುರ್ಗದ ಕೋಟೆ ಹತ್ತಿದರೆ ಸಾಕು. ಅಲ್ಲಿನ ಓಬವ್ವನ ಕಿಂಡಿಯ ಕಥೆ ನಾಡಿಗೆಲ್ಲ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿದರು. ನೀರಿಗೆ ಹೋಗಿದ್ದ ಓಬವ್ವ ಅವರನ್ನು ಒನಕೆಯಿಂದ ಬಡಿದು ಕೆಡವಿದಳು. 1972ರ ‘ನಾಗರಹಾವು’ ಚಿತ್ರ ಅವಳನ್ನು ಮನೆಮನೆಗೆ ಮುಟ್ಟಿಸಿತು, 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ಅಷ್ಟೊಂದು ಜನರನ್ನು ಕೊಂದವಳನ್ನು ಯಾರೂ ಕೊಲೆಗಾತಿ ಎನ್ನುವುದಿಲ್ಲ. ಸತ್ತವರೆಲ್ಲ ದುಷ್ಟರಾಗಿದ್ದರು ಎಂಬುದು ಇದಕ್ಕೆ ಕಾರಣವಲ್ಲ. ಸಂಬಳಕ್ಕೆ ಕಾದಾಡುವ ಬಡಪಾಯಿಗಳೂ ಅವರಲ್ಲಿ ಇದ್ದಿರಬಹುದು. ಅವರು ಒಳಗೆ ಬಂದರೆ ಕೋಟೆ ಉಳಿಯುವಂತಿರಲಿಲ್ಲ, ತಡೆಯಲು ಆ ಗಳಿಗೆಯಲ್ಲಿ ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅದೇ ಓಬವ್ವ ಮರುರಾತ್ರಿ ಹೈದರನ ಪಾಳೆಯಕ್ಕೆ ಹೋಗಿ ಮಲಗಿದ್ದವರ ತಲೆ ಒಡೆದಿದ್ದರೆ? ಒನಕೆ ಅದೇ, ಕೈಯೂ ಅದೇ. ಆದರೆ ನಮ್ಮ ಮೆಚ್ಚುಗೆ ಅಲ್ಲಿ ತಡವರಿಸುತ್ತದೆ. ಎದುರಿಗಿರುವ ಅಪಾಯವೇ ಕೊಲ್ಲುವ ಹಕ್ಕನ್ನು ಕೊಡುತ್ತದೆ, ಅಪಾಯ ಕಳೆದಲ್ಲಿ ಆ ಹಕ್ಕೂ ಮುಗಿಯುತ್ತದೆ ಎಂಬುದು ನನ್ನ ವಾದ.

ಇದೇ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನದೆಂದು ತೋರಿಸುವ ಹಲ್ಲೊಂದಿದೆ. ಭೀಮ ಅವನನ್ನು ಕೊಂದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಮಲಗಿದ್ದ ತಾಯಿ, ಅಣ್ಣತಮ್ಮಂದಿರನ್ನು ಉಳಿಸಲು ಭೀಮ ಕಾದಿದ, ಅಲ್ಲಿಯವರೆಗೆ ಅವನೂ ಓಬವ್ವನ ಸಾಲಿನವನೇ. ಆದರೆ ಆದಿಪರ್ವದ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ರಾಕ್ಷಸರು ಹಗೆ ಮರೆಯುವವರಲ್ಲ ಎಂದು ಭೀಮ ಹಿಡಿಂಬನ ತಂಗಿ ಹಿಡಿಂಬೆಯನ್ನೂ ಅಣ್ಣನ ಹಾದಿ ಹಿಡಿಸಲು ಹೊರಡುತ್ತಾನೆ. ತಡೆಯುವವನು ಧರ್ಮರಾಯ. ಅಣ್ಣನನ್ನು ಕಳೆದುಕೊಂಡ ಹಿಡಿಂಬೆ ಸೇಡು ಬಯಸುವುದಿಲ್ಲ, ಘಟೋತ್ಕಚನ ತಾಯಿಯಾಗುತ್ತಾಳೆ. ಸೇಡು ಬಯಸಿದವನು ಕಿಮ್ಮೀರನೆಂಬ ರಾಕ್ಷಸ. ಭೀಮನ ಕೈಯಲ್ಲಿ ಸತ್ತ ಸೋದರ ಬಕ, ಗೆಳೆಯ ಹಿಡಿಂಬ ಇಬ್ಬರ ಸಾವಿಗೂ ಲೆಕ್ಕ ಕೇಳಲು ವನಪರ್ವದಲ್ಲಿ ಭೀಮನ ದಾರಿಗೆ ಅಡ್ಡಬಂದು ತಾನೂ ಸಾಯುತ್ತಾನೆ. ಅವನನ್ನು ಖಳ ಎನ್ನುತ್ತೇವೆ, ಸರಿ. ಆದರೆ ಸೇಡೇ ನ್ಯಾಯವಾದರೆ ಅವನ ದೂರನ್ನು ತಳ್ಳಿಹಾಕುವುದು ಹೇಗೆ?

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ದುಶ್ಶಾಸನ ಕೈಹಾಕಿದಾಗ ಭೀಷ್ಮ, ದ್ರೋಣರಂಥವರೇ ಅವಳನ್ನು ಕಾಯಲಿಲ್ಲ. ನ್ಯಾಯಪೀಠವೇ ತಲೆತಗ್ಗಿಸಿ ಕೂತಾಗ, ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವೆನೆಂಬ ಭೀಮನ ಪ್ರತಿಜ್ಞೆಯಲ್ಲದೆ ಆ ಹೆಣ್ಣಿಗೆ ಇನ್ನೇನು ಉಳಿದಿತ್ತು? ಕಾನೂನು ಕೈಕೊಟ್ಟ ಊರಲ್ಲಿ ಮುಸುಕು ತೊಟ್ಟು ಬೀದಿಗಿಳಿಯುವ ಪ್ರತಿ ನಾಯಕನ ಸಮರ್ಥನೆಯೂ ಇದೇ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಕಾಮಿಕ್ಸ್ ನಾಯಕ ಪನಿಷರ್ ಬಂದೂಕು ಹಿಡಿಯುವುದೂ ಹೀಗೆಯೇ. ದ್ರೌಪದಿಯ ಸಿಟ್ಟು ನೂರಕ್ಕೆ ನೂರು ನ್ಯಾಯ. ನೊಂದವರಿಗೆ ಕ್ಷಮೆಯ ಪಾಠ ಹೇಳುವುದು ಸುಖವಾಗಿ ಕೂತವರ ಚಟ. ಆದರೆ ಯುದ್ಧಕ್ಕೆ ಆ ಪ್ರತಿಜ್ಞೆಯೇ ಬೇಕಿರಲಿಲ್ಲ. ಸಂಧಿ ಮುರಿದಿತ್ತು, ಪಾಂಡವರು ಕೇಳಿದ ಐದು ಊರೂ ಸಿಗಲಿಲ್ಲ; ದುಶ್ಶಾಸನ ರಣರಂಗದಲ್ಲಿ ಸಾಯಲು ಅಷ್ಟು ಸಾಕಿತ್ತು. ಪ್ರತಿಜ್ಞೆ ಅದಕ್ಕೆ ಸೇರಿಸಿದ್ದು ಎದೆ ಬಗೆದು ರಕ್ತ ಕುಡಿದದ್ದನ್ನು ಮಾತ್ರ. ಮೋಸದಿಂದ ಸತ್ತ ತಂದೆ ದ್ರೋಣನ ಹೆಸರಿನಲ್ಲಿ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಐದೂ ಮಕ್ಕಳನ್ನು ಕೊಂದಾಗ ಅವನ ಬಾಯಲ್ಲಿದ್ದದ್ದೂ ನ್ಯಾಯದ ಮಾತೇ.

ಖಳನನ್ನು ಬಿಟ್ಟರೆ ಅವನು ಮತ್ತೆ ಕೊಲ್ಲುತ್ತಾನೆ, ಬ್ಯಾಟ್‌ಮ್ಯಾನನ ವೈರಿ ಜೋಕರ್ ಪ್ರತಿಸಲ ತಪ್ಪಿಸಿಕೊಳ್ಳುವುದಿಲ್ಲವೇ ಎನ್ನುವವರಿದ್ದಾರೆ. ಅದು ಸೇಡಿನ ಪರವಾದ ಮಾತಲ್ಲ, ಕಾವಲಿನ ಮಾತು. ಗಟ್ಟಿ ಸೆರೆಮನೆ ಕಟ್ಟಿದರೆ ಅದಕ್ಕೆ ಉತ್ತರ ಸಿಗುತ್ತದೆ. ಭಾಗವತ ಇನ್ನೊಂದು ಉಪಾಯವನ್ನೂ ಬಲ್ಲದು. ಸೆರೆಸಿಕ್ಕ ಅಶ್ವತ್ಥಾಮನನ್ನು ಕೊಲ್ಲಬೇಕೆಂದು ಅಲ್ಲಿ ಭೀಮ ಕೂಗುತ್ತಾನೆ. ಬೇಡವೆನ್ನುವವಳು ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ: ತನ್ನಂತೆ ಅವನ ತಾಯಿಯೂ ಅಳುವುದು ಅವಳಿಗೆ ಬೇಡ. ಅವನ ತಲೆಯ ಮಣಿ ಕಿತ್ತು, ಕೂದಲು ಬೋಳಿಸಿ, ಪಾಳೆಯದಿಂದ ಹೊರಗಟ್ಟುತ್ತಾರೆ.